ಅಕ್ಕೋರ ದಾರಿ, ಅಜ್ಜಿಯ ಎಮ್ಮೆ

ದಾರಿ ತಪ್ಪುವುದಕ್ಕೇ ನನಗೆ ಸಂಬಳ ಕೊಡುತ್ತಾರೇನೋ ಎಂದು ನನ್ನ ಹೆಂಡತಿಗೆ ಬಹಳ ದಿನದಿಂದ ಅನುಮಾನ. ವಾರಕ್ಕೊಮ್ಮೆಯಾದರೂ ಇಂಥದ್ದೊಂದು ನಡೆಯುತ್ತದೆ, ಮನೆಗೆ ಬಂದು ಹೇಳುತ್ತೇನೆ, ಅವಳು ನಗುತ್ತಾಳೆ. ನನಗೆ ಮಾತ್ರ ನಗು ಬರುವುದಕ್ಕೆ ಒಂದೆರಡು ತಿಂಗಳು ಹಿಡಿಯುತ್ತದೆ.

ಆಕಳು, ಎಮ್ಮೆಗಳಿಗೆ ಗರ್ಭಧಾರಣೆಯ ಇಂಜೆಕ್ಷನ್ ಮಾಡುವುದು ನನ್ನ ಕೆಲಸ. ನಾನು ಡಾಕ್ಟರನಲ್ಲ. ಆದರೆ ಹಳ್ಳಿಗಳಲ್ಲಿ ಎಲ್ಲರೂ ಡಾಕ್ಟರೇ ಎನ್ನುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಈಗ ನಾನೂ ಓ ಎನ್ನುತ್ತೇನೆ. ಮೊದಲು ನಮ್ಮ ಸಂಸ್ಥೆಯಲ್ಲಿ ಈ ಕೆಲಸಕ್ಕೆ ಮೂವರಿದ್ದೆವು. ಒಬ್ಬರು ನಿವೃತ್ತರಾದರು, ಇನ್ನೊಬ್ಬರು ಕೋಳಿ ಫಾರಂ ಹಾಕಿಕೊಂಡು ಸುಖವಾಗಿದ್ದಾರೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆಗೆ ಉಳಿದವನು ನಾನೊಬ್ಬ. ಜೊತೆಗೆ ನನ್ನ ಹಳೇ ಮೋಟರ್‌ಸೈಕಲ್ಲು, ಅದರ ಹಿಂದೆ ಕಟ್ಟಿದ ಔಷಧದ ಥಂಡಿ ಕ್ಯಾನು.

ಚಹಾದ ದಾರಿ

ನಮ್ಮ ಕಡೆ ದಾರಿ ಕೇಳುವುದೆಂದರೆ ಅರ್ಧ ದಿನದ ಕೆಲಸ. ಕೇಳಿದ ಕೂಡಲೇ ಯಾರೂ ಹೇಳುವುದಿಲ್ಲ. ಮೊದಲು ‘ಕುಂದರ್ರಿ’ ಎನ್ನುತ್ತಾರೆ. ಆಮೇಲೆ ಯಾವ ಊರು, ಯಾರ ಪೈಕಿ, ನಮ್ಮ ದೊಡ್ಡಪ್ಪನ ಬೀಗರು ನಿಮಗೇನಾಗಬೇಕು ಎಂಬ ವಿಚಾರಣೆ. ಅಷ್ಟರಲ್ಲಿ ಚಹಾ ಬರುತ್ತದೆ. ಚಹಾ ಮುಗಿದ ಮೇಲೆ ದಾರಿ ಯಾವುದು ಎಂಬುದರ ಬಗ್ಗೆ ಅವರವರಲ್ಲೇ ಜಗಳ ಹತ್ತುತ್ತದೆ.

ನನ್ನ ಕಷ್ಟವೆಂದರೆ, ಎಮ್ಮೆ ಬೆದೆಗೆ ಬಂದರೆ ಅದೇ ದಿನ ನಾನು ಅಲ್ಲಿಗೆ ಮುಟ್ಟಬೇಕು. ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ತಿಳವಳ್ಳಿಯ ಆಚೆ ಒಂದು ಸಣ್ಣ ಹಳ್ಳಿಯ ಅಜ್ಜಿ ಮೊದಲ ಸಲ ಫೋನ್ ಮಾಡಿ ಕರೆದಾಗ ನಾನು ದಾರಿಯುದ್ದಕ್ಕೂ ಕೇಳಿ ಕೇಳಿ, ಚಹಾ ಕುಡಿದು ಕುಡಿದು, ಮರುದಿನ ಮುಂಜಾನೆಯೇ ಮುಟ್ಟಿದ್ದು. ಎಮ್ಮೆ ನನ್ನ ಕಡೆ ನೋಡಲೂ ಇಲ್ಲ. ಬೆದೆ ಇಳಿದುಹೋಗಿತ್ತು.

ಆ ಎಮ್ಮೆ ಅಜ್ಜಿಯ ಜೀವ. ತವರಿನಿಂದ ಬಂದ ಎಮ್ಮೆಯ ಮೊಮ್ಮಗಳಂತೆ. ಹಾಲು ಬತ್ತಿತ್ತು, ಗಬ್ಬ ನಿಲ್ಲದಿದ್ದರೆ ಸಂತೆಗೆ ಹೊಡೆಯುತ್ತೇನೆಂದು ಅಜ್ಜ ಕೂತಿದ್ದ. ಅಜ್ಜಿ ನನ್ನ ಕೈಗೆ ಚಹಾದ ಬಟ್ಟಲು ಕೊಡುತ್ತಾ ಕೇಳಿದಳು: “ದಾರ್‍ಯಾಗ ಎಷ್ಟ್ ಕಡೆ ಚಾ ಆತ್ರಿ ಡಾಕ್ಟರ?”

“ಐದ್ ಕಡೆ ಆತು ಅಜ್ಜಿ.”

“ಹಂಗಾರ ನಿಮಗ ಬ್ಯಾಡ, ಎಮ್ಮಿಗೆ ಹಾಕ್ತೇನಿ. ಅದು ಕಾಯ್ದು ಕಾಯ್ದು ದಣದೈತಿ.”

ಎರಡನೇ ಮೀಟರು

ಫೋನಿನಲ್ಲಿ ನಕ್ಷೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಬಿಸಿಲಿಗೆ ಅದು ಕಾಯ್ದು ಆರಿಹೋಗುತ್ತದೆ, ಮಳೆಗೆ ನೆನೆಯುತ್ತದೆ, ನಡುನಡುವೆ ಎಮ್ಮೆಯವರ ಫೋನು ಬಂದು ನಕ್ಷೆ ಮಾಯವಾಗುತ್ತದೆ. ನನ್ನ ಹೆಂಡತಿಯ ತಮ್ಮನಿಗೆ ಮೋಟರ್‌ಸೈಕಲ್ ಮೇಲೆ ದೇಶ ಸುತ್ತುವ ಹುಚ್ಚು. ಅವನು ಹೊಸದು ಕೊಂಡು ತನ್ನ ಹಳೆಯ ಜಿಪಿಎಸ್ ಡಬ್ಬಿಯನ್ನು ನನಗೆ ತಂದುಕೊಟ್ಟ.

“ಮಾಮಾ, ಇದು ಗಾಡಿಗಂತನ ಮಾಡಿದ್ದು. ಮಳಿ ಬಂದ್ರೂ ಚಿಂತಿಲ್ಲ, ನೆಟ್‌ವರ್ಕ್ ಇಲ್ದಿದ್ರೂ ಚಿಂತಿಲ್ಲ. ಇನ್ನ ಯಾರ್‍ನೂ ಏನೂ ಕೇಳಬ್ಯಾಡ್ರಿ.”

ಯಾರನ್ನೂ ಕೇಳಬೇಕಿಲ್ಲ ಎಂಬ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅದರ ದನಿ ಹೆಲ್ಮೆಟ್ಟಿನೊಳಗೆ ಕೇಳುವಂತೆ ಮಾಡುವ ಸಾಮಾನನ್ನು ಅವನು ತಾನೇ ಇಟ್ಟುಕೊಂಡಿದ್ದ. ಹಾನಗಲ್ಲಿನ ಮೊಬೈಲ್ ಅಂಗಡಿಯವನು ಹ್ಯಾಂಡಲಿಗೆ ಒಂದು ಸಣ್ಣ ಸ್ಪೀಕರು ಕಟ್ಟಿಕೊಟ್ಟ. ಹೀಗಾಗಿ ಅದರೊಳಗಿನ ಹೆಂಗಸು ಎಡಕ್ಕೆ ತಿರುಗು ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಇಡೀ ಓಣಿಗೆ ಕೇಳುತ್ತಿತ್ತು. ಒಂದೇ ಪಾಠವನ್ನು ಬೇಸರವಿಲ್ಲದೆ ಹತ್ತು ಸಲ ಹೇಳುವುದನ್ನು ಕೇಳಿ ಬಸ್‌ಸ್ಟ್ಯಾಂಡಿನ ಚಹಾದವನು “ಥೇಟ್ ನಮ್ಮ ಸಾಲಿ ಅಕ್ಕೋರು” ಎಂದ. ಅವತ್ತಿನಿಂದ ಅವಳು ಅಕ್ಕೋರು, ಅಂದರೆ ಟೀಚರಮ್ಮ.

ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದು ಡಬ್ಬಿಯನ್ನು ಸುತ್ತಲೂ ನೋಡಿದರು. “ಎರಡೆರಡು ಮೀಟರ್ ಯಾಕ್ರಿ?”

“ಇದು ಮೀಟರ್ ಅಲ್ರಿ. ದಾರಿ ತೋರಸ್ತೈತಿ.”

“ನೀವು ಇದ ಊರಾಗ ಹುಟ್ಟಿ ಬೆಳದವ್ರಲ್ಲೇನ್ರಿ?”

“ಹೌದ್ರಿ.”

ಅವರು ಹೆಗಲ ಮೇಲೆ ಕೈಯಿಟ್ಟು ಬಹಳ ಕನಿಕರದಿಂದ ಹೇಳಿದರು: “ಇರ್ಲಿ ಬಿಡ್ರಿ. ಒಬ್ಬೊಬ್ಬರಿಗೆ ಲಗೂನ ತಿಳಿಯಂಗಿಲ್ಲ.”

ಎಲ್ಲಕ್ಕಿಂತ ಬೇಗದ ದಾರಿ

ಶಿಗ್ಗಾಂವಿ ಕಡೆ ಒಂದು ಹಳ್ಳಿಗೆ ಹೊರಟಿದ್ದೆ. ಸುಗ್ಗಿ ಮುಗಿದ ದಿನಗಳು. ಊರ ಹೊರಗೆ ಬರುವಷ್ಟರಲ್ಲಿ ಡಾಂಬರು ರಸ್ತೆಯ ತುಂಬಾ ಗೋವಿನಜೋಳ ಒಣಹಾಕಿದ್ದರು. ಒಬ್ಬ ಹೆಣ್ಣುಮಗಳು ಕೋಲು ಹಿಡಿದು ಕಾವಲು ಕೂತಿದ್ದಳು.

“ಹೊಳ್ಳಿ ಹೋಗ್ರಿ. ಕಾಳಿನ ಮ್ಯಾಲ ಗಾಡಿ ಹಾಯಂಗಿಲ್ಲ.”

ನಾನು ತಿರುಗಿದೆ. ಅಕ್ಕೋರು ಸ್ವಲ್ಪ ಹೊತ್ತು ಲೆಕ್ಕ ಹಾಕಿ ಬೇರೆ ದಾರಿ ಹೇಳಿದರು. ಕಬ್ಬಿನ ಗದ್ದೆ, ಹಳ್ಳದ ದಂಡೆ, ಯಾರದೋ ಹಿತ್ತಿಲು ಎಲ್ಲಾ ದಾಟಿ ಮತ್ತೆ ಡಾಂಬರಿಗೆ ಬಂದೆ. ಎದುರಿಗೆ ಗೋವಿನಜೋಳ. ಅದೇ ಗೋವಿನಜೋಳದ ಇನ್ನೊಂದು ತುದಿ. ಅದೇ ಹೆಣ್ಣುಮಗಳು ಕೋಲು ಹಿಡಿದು ಈ ಕಡೆಗೆ ಬಂದಳು.

“ಮತ್ತ ಬಂದ್ರ್ಯಾ?”

ನನ್ನ ಮುಖ ನೋಡಿ ಅವಳಿಗೇ ಅಯ್ಯೋ ಅನಿಸಿರಬೇಕು. ಒಂದು ಒಪ್ಪಂದಕ್ಕೆ ಬಂದಳು. ನಾನು ಗಾಡಿಯನ್ನು ಅಂಚಿನಲ್ಲಿ ತಳ್ಳಿಕೊಂಡು ಹೋಗಬಹುದು. ಬದಲಿಗೆ ಚಪ್ಪಲಿ ಬಿಟ್ಟು, ಕಾಲು ಎಳೆಯುತ್ತಾ ಕಾಳನ್ನು ತಿರುವಿ ಹಾಕುತ್ತಾ ಹೋಗಬೇಕು. ಮಧ್ಯಾಹ್ನದ ಬಿಸಿಲು. ಒಂದು ಸಾಲು ಮುಗಿಸಿದೆ, ನೆಟ್ಟಗಾಗಿಲ್ಲ ಎಂದು ಹಿಂದಕ್ಕೆ ಕರೆದು ಇನ್ನೊಂದು ಸಾಲು ಎಳೆಸಿದಳು. ಬೆವರು ಒರೆಸಿಕೊಳ್ಳಲು ನಿಂತಾಗ ಅಕ್ಕೋರು ಸ್ಪಷ್ಟವಾಗಿ ಹೇಳಿದರು: ನೀವು ಎಲ್ಲಕ್ಕಿಂತ ಬೇಗದ ದಾರಿಯಲ್ಲಿದ್ದೀರಿ.

ಒಂದೇ ಶಾಮಿಯಾನ

ಸವಣೂರಿನ ವೀಳ್ಯದೆಲೆ ವ್ಯಾಪಾರದ ಚಾಚಾ ಬೆಳಗಿನ ಜಾವ ಫೋನ್ ಮಾಡಿ ಆಕಳು ಬೆದೆಗೆ ಬಂದಿದೆ ಎಂದರು. ಮನೆ ಗೊತ್ತಿರಲಿಲ್ಲ, ಅವರು ಹೇಳಿದ ಓಣಿಯನ್ನು ಡಬ್ಬಿಗೆ ಹಾಕಿದೆ. ಅಕ್ಕೋರು ಓಣಿಯಿಂದ ಓಣಿಗೆ ಕರೆದೊಯ್ದು ಕೊನೆಗೆ ಒಂದು ದೊಡ್ಡ ಶಾಮಿಯಾನದ ಬಾಗಿಲಿಗೆ ನಿಲ್ಲಿಸಿದರು. ಒಳಗೆ ನಿಕಾದ ದಾವತ್ತು ನಡೆದಿತ್ತು. ನೇರ ಮುಂದೆ ಹೋಗಿ ಎಂದರು ಅಕ್ಕೋರು, ಎಲ್ಲರಿಗೂ ಕೇಳುವಂತೆ.

ಬೀಗರ ಕಡೆಯವರೇ ಇರಬೇಕೆಂದು ಜನ ಕುರ್ಚಿ ಸರಿಸಿ ದಾರಿ ಮಾಡಿಕೊಟ್ಟರು. ಯಾರೋ ನನ್ನ ಕೈಗೆ ಶರಬತ್ತು ಕೊಟ್ಟರು, ಇನ್ನಾರೋ ಅತ್ತರು ಹಚ್ಚಿದರು. ಒಂದು ಕೈಯಲ್ಲಿ ಗ್ಲಾಸು, ಒಂದು ಕೈಯಲ್ಲಿ ಹ್ಯಾಂಡಲು ಹಿಡಿದು ಪಂಕ್ತಿಯ ನಡುವೆ ಗಾಡಿ ತಳ್ಳಿದೆ. ಆ ತುದಿಗೆ ಮುಟ್ಟಿದಾಗ ಅಕ್ಕೋರು ‘ನೀವು ತಲುಪಿದ್ದೀರಿ’ ಎಂದರು. ಎದುರಿಗೆ ಹೊಸ ಶೇರವಾನಿ ಹಾಕಿಕೊಂಡು ಚಾಚಾ ನಿಂತಿದ್ದರು.

“ಅರೆ ಡಾಕ್ಟರ್ ಸಾಬ್! ಮಗನ ಶಾದಿ ಗದ್ಲದಾಗ ನಿಮಗ ಫೋನ್ ಮಾಡಿದ್ದ ಮರತ ಬಿಟ್ಟಿದ್ದೆ ನೋಡ್ರಿ. ಆಕಳದು ನಾಳೆ ಮಾಡೋಣೇನ್ರಿ?”

“ನಾಳೆ ಆಗಂಗಿಲ್ರಿ. ಇವತ್ತ ಆಗಬೇಕು.”

ಚಾಚಾ ಒಂದು ಕ್ಷಣ ಗಡ್ಡ ನೀವಿಕೊಂಡರು. ಆಮೇಲೆ ಹಿತ್ತಿಲ ಬಾಗಿಲು ತೆರೆದು ಹೇಳಿದರು: “ಆಗ್ಲಿ ಬಿಡ್ರಿ. ಹೆಂಗೂ ಶಾಮಿಯಾನ ಹಾಕೇತಿ, ಎರಡೂ ಇವತ್ತ ಮುಗದ ಹೋಗ್ಲಿ.”

ಬೇಸಿಗೆಯ ರಸ್ತೆ

ಮಾಸೂರಿನ ಕಡೆ ಹೋದಾಗ ಮಳೆಗಾಲ ಮುಗಿಯುತ್ತಿತ್ತು. ಅಕ್ಕೋರು ಬಹಳ ಧೈರ್ಯದಿಂದ ನೇರ ಹೋಗಿ ಎಂದರು. ಹೋದೆ. ಮಣ್ಣಿನ ದಾರಿ ಸಣ್ಣದಾಗುತ್ತಾ ಹೋಗಿ, ಕೊನೆಗೆ ಮದಗದ ಕೆರೆಯ ನೀರಿನೊಳಗೆ ಇಳಿದುಹೋಯಿತು. ಅಕ್ಕೋರು ಮಾತ್ರ ನೇರ, ನೇರ ಎನ್ನುತ್ತಲೇ ಇದ್ದರು. ದಂಡೆಯಲ್ಲಿ ಗಾಳ ಹಾಕಿ ಕೂತವನೊಬ್ಬನಿದ್ದ. ಯಾರನ್ನೂ ಕೇಳಬಾರದೆಂದು ಶಪಥ ಮಾಡಿದ್ದರೂ ಕೇಳಿದೆ.

“ಇಲ್ಲೊಂದು ರಸ್ತಾ ಇರಬೇಕಲ್ರಿ?”

“ಐತ್ರಿ.”

“ಎಲ್ಲೈತ್ರಿ?”

“ನೀರಾಗ ಐತಿ. ಕುಂದರ್ರಿ, ಬ್ಯಾಸಗಿಗೆ ಹೊರಗ ಬರ್ತೈತಿ.”

ನಗಬೇಕೆನ್ನುವಷ್ಟರಲ್ಲಿ ಫೋನು ಬಂತು. ತಿಳವಳ್ಳಿ ಕಡೆಯ ಅಜ್ಜಿ. ಬೇಸಿಗೆಯಿಂದ ಬೆದೆಯೇ ತೋರದಿದ್ದ ಎಮ್ಮೆ ಈಗ ಮತ್ತೆ ಬೆದೆಗೆ ಬಂದಿತ್ತು. ನಾನು ಮಾಸೂರಿನ ಕೆಲಸ ಮುಗಿಸಿ, ಕೆರೆ ಸುತ್ತಿ, ಕೆಸರಿನಲ್ಲಿ ಸಿಕ್ಕಿಬಿದ್ದ ಗಾಡಿ ಎತ್ತಿಸಿಕೊಂಡು ಹೋಗುವಷ್ಟರಲ್ಲಿ ಆ ಸಲವೂ ತಪ್ಪಿತು. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಇನ್ನೊಂದ್ ಸಲ ನೋಡ್ತೇನಿ ಅಂದಾರ ನಮ್ಮ ಮನ್ಯಾರು. ಆಮ್ಯಾಲ ಸಂತೀನ” ಎಂದು ಎಮ್ಮೆಯ ಬೆನ್ನು ಸವರಿದಳು. ನನಗೆ ಬಹಳ ಸಂಕಟವಾಯಿತು. ಅಲ್ಲೇ ನಿಂತು ಅವರ ಮನೆಯನ್ನು ಡಬ್ಬಿಯಲ್ಲಿ ಗುರುತು ಹಾಕಿಕೊಂಡೆ. ಅಜ್ಜಿ ಅದನ್ನು ನೋಡಿ ಹೇಳಿದಳು: “ಮನಿ ಎಲ್ಲೂ ಹೋಗಂಗಿಲ್ರಿ ಡಾಕ್ಟರ. ಗುರ್ತು ನಿಮಗ ಹಾಕಬೇಕು.”

ಕೊಡೆಯ ಕೆಳಗಿನ ಎಮ್ಮೆ

ಮೂರು ವಾರಕ್ಕೆ ಸರಿಯಾಗಿ ಮುಂಜಾನೆ ಅಜ್ಜನ ಫೋನಿನಿಂದ ಅಜ್ಜಿಯ ದನಿ ಬಂತು. “ಬಂದೈತ್ರಿ. ಇದ ಕಡೀಸಲ.”

“ಹೊಂಟೆ ಅಜ್ಜಿ.”

ನಿಜವಾಗಿಯೂ ಹೊರಟೆ. ಅವತ್ತು ಯಾರನ್ನೂ ಕೇಳುವುದಿಲ್ಲ, ಯಾರಿಗೂ ನಿಲ್ಲುವುದಿಲ್ಲ, ಚಹಾ ಮುಟ್ಟುವುದಿಲ್ಲ. ಕಣ್ಣು ಪೂರ್ತಿ ಡಬ್ಬಿಯ ಮೇಲೆ. ಅಕ್ಕೋರೂ ಅವತ್ತು ಒಂದೂ ತಪ್ಪು ಮಾಡಲಿಲ್ಲ. ಹಳ್ಳಿಗೆ ತಿರುಗುವ ಕೂಡುರಸ್ತೆಯಲ್ಲಿ, ಬಸ್ಸಿನ ತಂಗುದಾಣದ ಹತ್ತಿರ, ಬಿಸಿಲಿಗೆ ಕೊಡೆ ಹಿಡಿದ ಯಾರೋ ಕೈ ಬೀಸಿದರು. ಪಕ್ಕದಲ್ಲಿ ಒಂದು ಎಮ್ಮೆಯೂ ಇತ್ತು. ನಿಂತರೆ ಯಾವೂರು, ಯಾರ ಪೈಕಿ ಶುರುವಾಗುತ್ತದೆ ಎಂದುಕೊಂಡು ಇನ್ನಷ್ಟು ಜೋರಾಗಿ ಹೋದೆ.

ನೀವು ತಲುಪಿದ್ದೀರಿ, ಎಂದರು ಅಕ್ಕೋರು. ಹೌದು, ಅದೇ ಮನೆ. ಅಷ್ಟು ಬೇಗ ನಾನು ಯಾವ ಮನೆಗೂ ಮುಟ್ಟಿದವನಲ್ಲ. ಹೆಮ್ಮೆಯಿಂದ ಇಳಿದೆ. ಕಟ್ಟೆಯ ಮೇಲೆ ಅಜ್ಜ ಒಬ್ಬನೇ ಕೂತಿದ್ದ. ಗೂಟ ಖಾಲಿ.

“ಎಮ್ಮಿ ಎಲ್ರಿ?”

“ನೀವು ದಾರಿ ತಪ್ಪತೀರಿ ಅಂತ ಹೇಳಿ, ಎಮ್ಮೀನ ಹೊಡ್ಕೊಂಡು ಕೂಡರಸ್ತಾಕ್ಕ ಹೋಗ್ಯಾಳಲ್ರಿ. ಕಾಣಲಿಲ್ಲೇನು? ಕೈಯಾಗ ಕೊಡಿ ಇತ್ತು.”

ಗಾಡಿ ತಿರುಗಿಸಿದೆ. ‘ನೀವು ತಲುಪಿದ್ದೀರಿ, ಹಿಂದಕ್ಕೆ ತಿರುಗಿ’ ಎಂದು ಅಕ್ಕೋರು ದಾರಿಯುದ್ದಕ್ಕೂ ಕೂಗಿದರು. ಕೂಡುರಸ್ತೆಯಲ್ಲಿ ಯಾರೂ ಇರಲಿಲ್ಲ. ನಾನು ನಿಲ್ಲದೆ ಹೋದದ್ದನ್ನು ನೋಡಿ ಅಜ್ಜಿ ಹೊಲದ ಕಾಲುದಾರಿ ಹಿಡಿದು ಮನೆಗೆ ಹೊರಟಿದ್ದಳಂತೆ. ಹೊಲದೊಳಗೆ ನನ್ನ ಗಾಡಿ ಹೋಗುವುದಿಲ್ಲ, ಅಕ್ಕೋರಿಗೆ ಆ ದಾರಿ ಗೊತ್ತೇ ಇಲ್ಲ. ಅಲ್ಲೇ ಇದ್ದ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಸೋತು ಕೇಳಿದೆ: “ಒಂದ್ ಎಮ್ಮಿ ನೋಡಿದ್ರ್ಯಾ?”

“ಕುಂದರ್ರಿ” ಎಂದ ಅಂಗಡಿಯವ. “ಯಾವೂರಾತು ತಮ್ಮದು?”

ಹಾನಗಲ್ ಎಂದೆ. ಯಾರ ಪೈಕಿ ಎಂದ. ಹೇಳಿದೆ. ಚಹಾ ಕೊಟ್ಟ, ಕುಡಿದೆ. ಇನ್ನೇನು ಉಳಿದಿತ್ತು? ಅಂಗಡಿಯವ ಹೊಲದ ಕಡೆ ಮುಖ ಮಾಡಿ ಒಮ್ಮೆ ಗಟ್ಟಿಯಾಗಿ ಕೂಗು ಹಾಕಿದ. ಅಲ್ಲೆಲ್ಲೋ ಗೋವಿನಜೋಳದ ನಡುವೆ ಇನ್ನೊಬ್ಬರು ಕೂಗಿದರು, ಅದರಾಚೆ ಮತ್ತೊಬ್ಬರು. ಬಟ್ಟಲು ಕೆಳಗಿಡುವಷ್ಟರಲ್ಲಿ ಹೊಲದೊಳಗಿಂದ ಕಪ್ಪು ಕೊಡೆಯೊಂದು ಮೇಲೆದ್ದು, ನಿಧಾನವಾಗಿ ನಮ್ಮ ಕಡೆಗೇ ಬಂತು. ಅದರ ಹಿಂದೆ ಎಮ್ಮೆ.

ತಂಗುದಾಣದ ಕಂಬಕ್ಕೆ ಎಮ್ಮೆ ಕಟ್ಟಿದೆವು. ಚಹಾದವನು ಥಂಡಿ ಔಷಧ ಕರಗಿಸಲು ಬೆಚ್ಚಗಿನ ನೀರು ಕೊಟ್ಟ. ಬಸ್ಸು ಕಾಯುತ್ತಿದ್ದವರು ಮರ್ಯಾದೆಗೆ ಆ ಕಡೆ ತಿರುಗಿ ನಿಂತರು. ಕೆಲಸ ಮುಗಿಯಿತು. ಅಜ್ಜಿ ಕೊಡೆ ಮಡಿಚಿ, ಅಕ್ಕೋರ ಕಥೆಯನ್ನೆಲ್ಲ ನನ್ನಿಂದ ಕೇಳಿ, ಹ್ಯಾಂಡಲಿನ ಡಬ್ಬಿಯನ್ನು ನೋಡಿ ಹೇಳಿದಳು: “ಇದು ನಿಮಗ್ಯಾಕ್ರಿ? ಎಮ್ಮಿ ಕೊಳ್ಳಾಗ ಕಟ್ರಿ. ನೀವು ಎಲ್ಲಿದ್ರೂ ಅದ ಬಂದು ಮುಟ್ಟತೈತಿ.”

ಆ ಸಲ ಗಬ್ಬ ನಿಂತಿತು. ಅಜ್ಜ ಸಂತೆಯ ಮಾತು ಬಿಟ್ಟ. ಹತ್ತು ತಿಂಗಳು ದಾಟಿದ ಮೇಲೆ ಒಂದು ದಿನ, ನಾನು ಶಿಗ್ಗಾಂವಿ ಕಡೆ ಇನ್ಯಾವುದೋ ಹಿತ್ತಿಲಲ್ಲಿ ಸಿಕ್ಕಿಬಿದ್ದಿದ್ದಾಗ, ಅಜ್ಜಿಯ ಫೋನು ಬಂತು.

“ಡಾಕ್ಟರ, ಎಮ್ಮಿ ಈದೈತ್ರಿ. ಹೆಣ್ಣಗರ! ಗಿಣ್ಣ ಮಾಡೇನಿ, ಲಗೂನ ಬರ್ರಿ.”

ಅಷ್ಟು ಖುಷಿ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ. “ಈಗ ಹೊಂಟೆ ಅಜ್ಜಿ” ಎಂದೆ.

“ಹೊಂಡ್ರಿ. ಆದ್ರ ಆ ಅಕ್ಕೋರ್‍ನ ಮನ್ಯಾಗ ಬಿಟ್ಟು ಬರ್ರಿ. ಆಕಿ ಮಾತ ಕೇಳ್ಕೋಂತ ಬಂದ್ರಂದ್ರ, ನೀವು ಮುಟ್ಟೂದ್ರಾಗ ಈ ಕರಾನೂ ಬೆದಿಗೆ ಬಂದಿರ್ತೈತಿ!”