ಅತ್ತೆಯ ಕಾಯಂ ಗಾಯಾಳು

ನಮ್ಮ ಅತ್ತೆ ಇಲ್ಲಿಯವರೆಗೆ ನನ್ನ ಪ್ರಾಣವನ್ನು ಹದಿನಾಲ್ಕು ಸಲ ಉಳಿಸಿದ್ದಾರೆ. ಆ ಹದಿನಾಲ್ಕರಲ್ಲಿ ಒಂದು ಸಲವೂ ನನ್ನ ಪ್ರಾಣಕ್ಕೆ ಏನೂ ಆಗಿರಲಿಲ್ಲ ಎಂಬುದು ಬೇರೆ ಮಾತು!

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಸಾಯಗಾಂವದ ಶಾಲೆಯಲ್ಲಿ ಬಹಳ ವರ್ಷ ಟೀಚರಾಗಿದ್ದು, ನಿವೃತ್ತರಾಗಿ ಬೀದರಿಗೆ ಬಂದವರು. ಆ ವಯಸ್ಸಿನವರು ಸಂಡಿಗೆ ಹಾಕುತ್ತಾರೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಚರ್ಚಿನ ಹಾಡಿನ ತಂಡದಲ್ಲಿ ಶ್ರುತಿ ತಪ್ಪುತ್ತಾರೆ. ನಮ್ಮ ಅತ್ತೆ? ಆಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರ ತರಬೇತಿಗೆ ಹೆಸರು ಕೊಟ್ಟರು. ಹೋಗುವಾಗ ಕೈಯಲ್ಲಿ ಟಿಫಿನ್ ಡಬ್ಬಿ ಇತ್ತು. ಬರುವಾಗ ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು, ತಲೆಗೆ ಹೆಲ್ಮೆಟ್ಟು, ಕೊರಳಲ್ಲೊಂದು ಸೀಟಿ! ಆ ಸೀಟಿ ಅಂದಿನಿಂದ ಕೊರಳು ಬಿಟ್ಟಿಲ್ಲ. ಚರ್ಚಿನಲ್ಲಿ ಪ್ರಸಂಗ ಉದ್ದವಾದಾಗ ಅತ್ತೆಯ ಕೈ ಅದರತ್ತ ಹೋಗುವುದನ್ನು ನಾನೇ ಕಂಡಿದ್ದೇನೆ.

ಇನ್ನು ನಾನು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಭಾಲ್ಕಿ ಸ್ಟೇಷನ್ನಿನಿಂದ ಮನೆಗೆ ವಾಪಸು ಬಂದವನು. ಬಂದು ನೋಡಿ, ಬಂದ್ ಇದ್ದದ್ದನ್ನು ತೆರೆದು ಮತ್ತೆ ಬಂದ್ ಮಾಡಿದವನು. ಆದರೆ ನನ್ನ ಚಿಂತೆಗಳಲ್ಲೆಲ್ಲ ಹಿರಿದು ಒಂದಿತ್ತು: ನಿಜವಾಗಿ ಏನಾದರೂ ಆದ ದಿನ ನಾನು ಕಂಬದ ಹಾಗೆ ನಿಂತುಬಿಡುತ್ತೇನೆ, ನನ್ನ ಕಣ್ಣೆದುರೇ ಯಾರೋ ಹೋಗಿಬಿಡುತ್ತಾರೆ. ಇದನ್ನು ಒಂದು ದಿನ ಅತ್ತೆಯ ಮುಂದೆ ಹೇಳಿಕೊಂಡೆ. ಅಲ್ಲೇ ಕೆಟ್ಟೆ!

"ಹಂಗಿದ್ರ ನೀ ನನ್ನ ಗಾಯಾಳು ಆಗು, ಅಳ್ಯಾ," ಎಂದರು. "ಮಲಗಿ ನೋಡಿದವಗ ಎಲ್ಲಾ ತಿಳೀತದ."

ಆಪತ್ತಿನಲ್ಲಿ ಏನು ಮಾಡಬೇಕೆಂದು ಜನರಿಗೆ ಕಲಿಸಲು ಅತ್ತೆ ಊರೂರಲ್ಲಿ ಮಾಡುತ್ತಿದ್ದ ಅಣಕು ಪ್ರದರ್ಶನಗಳಲ್ಲಿ ಪ್ರತಿ ಗಾಯಾಳುವಿನ ಕೊರಳಿಗೂ ಒಂದು ರಟ್ಟಿನ ಚೀಟಿ. ಒಬ್ಬರಿಗೆ 'ಕಾಲು ಮುರಿದಿದೆ', ಇನ್ನೊಬ್ಬರಿಗೆ 'ಕೈ ಸುಟ್ಟಿದೆ'. ನನಗೆ ಯಾವಾಗಲೂ 'ಪ್ರಜ್ಞೆ ಇಲ್ಲ'. ಯಾಕೆ ಎಂದು ಕೇಳಿದ್ದಕ್ಕೆ, "ನಿನಗ ಅದ ಒಪ್ತದ" ಎಂಬ ಉತ್ತರ ಬಂತು. ಕಾಪಾಡಲು ಬಂದವರು ಮೊದಲು ಮೊಣಕಾಲೂರಿ, ಗಾಯಾಳುವಿನ ಕಣ್ಣಿಗೆ ಕಾಣುವಷ್ಟು ಹತ್ತಿರ ಮುಖ ತಂದು, ತಾವು ಯಾರೆಂದು ಹೇಳಬೇಕು. ಅದು ನಿಯಮ. ಪ್ರಜ್ಞೆ ಇಲ್ಲದವರಿಗೂ ಹೇಳಬೇಕು. ಅತ್ತೆ ತಪ್ಪದೆ ಹೇಳುತ್ತಿದ್ದರು:

"ನಮಸ್ಕಾರ್ರಿ. ನಾ ರಿಟೈರ್ ಆದ ಟೀಚರ್. ನಿಮ್ಮ ಸಹಾಯಕ್ಕ ಬಂದೀನಿ. ನಿಮ್ಮನ್ನ ಬಿಟ್ಟು ಹೋಗಂಗಿಲ್ಲ."

"ಅತ್ತಿ, ನೀವ್ಯಾರಂತ ನನಗ ಗೊತ್ತದರಿ! ತೊಟ್ಟಿಲದಾಗ ನನಗ ಹೆಸರಿಟ್ಟವ್ರೇ ನೀವು!"

"ಪ್ರಜ್ಞಿ ಇಲ್ಲದವ್ರು ಮಾತಾಡಂಗಿಲ್ಲ. ಐದು ಮಾರ್ಕ್ಸ್ ಕಟ್!"

ಹೌದು, ಗಾಯಾಳುಗಳಿಗೂ ಮಾರ್ಕ್ಸು! ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ?

ಮೊದಲು ನಾನೊಬ್ಬನೇ ಗಾಯಾಳುವಾಗಿರಲಿಲ್ಲ. ಭಾಲ್ಕಿಯಲ್ಲಿ ಶಾಲೆಯ ಮೈದಾನದಲ್ಲಿ ಮಾಡಿದ ಪ್ರದರ್ಶನಕ್ಕೆ, ಬಿಸಿಲು ಜೋರಿದೆಯೆಂದು ಗಾಯಾಳುಗಳನ್ನು ಬೇವಿನ ಮರದ ನೆರಳಲ್ಲಿ ಮಲಗಿಸಿ, ಮಲಗಿದಲ್ಲಿಗೇ ನಿಂಬೆ ಶರಬತ್ತು ಕೊಡುವ ವ್ಯವಸ್ಥೆಯಾಯಿತು. ಸುದ್ದಿ ಹಬ್ಬಿತು. ಅತ್ತೆ ಸೀಟಿ ಊದುವ ಹೊತ್ತಿಗೆ ಊರಿಗೆ ಊರೇ ಗಾಯಗೊಂಡು ನೆರಳಲ್ಲಿ ಮಲಗಿತ್ತು! ಕಾಪಾಡಲು ನಿಂತಿದ್ದವರು ಇಬ್ಬರು: ಅತ್ತೆ, ಮತ್ತೊಬ್ಬ ಆಟೋ ಚಾಲಕ. ಅವನೂ ನೆರಳಿನ ಕಡೆಗೇ ನೋಡುತ್ತಿದ್ದ.

"ಎಲ್ಲಾರೂ ಬಿದ್ರ ಎತ್ತೋರ್ಯಾರ್ರಿ?" ಅತ್ತೆ ಗುಡುಗಿದರು.

"ಮೊದಲ ಶರಬತ್ತ ಕೊಡ್ರಿ ಟೀಚರ್, ಆಮ್ಯಾಲ ಏಳ್ತೀವಿ," ಎಂದಿತು ಒಂದು ಮುರಿದ ಕಾಲು.

ಮುಂದಿನ ಸಲ ಶರಬತ್ತು ಬಂದ್. ಗಾಯಾಳುಗಳೂ ಬಂದ್! ಉಳಿದವನು ನಾನೊಬ್ಬ; ಮುರಿದ ಕಾಲಿನ ಪಾಠಕ್ಕೂ ನನ್ನ ಕಾಲೇ.

ಔರಾದಿನ ಮದುವೆಯ ಕಥೆ ಇನ್ನೂ ಚಂದ. ವಧೂವರರನ್ನು ಹರಸಲು ವೇದಿಕೆ ಹತ್ತಿದ ಅತ್ತೆ ಮೈಕು ಹಿಡಿದು, "ಬೆಂಕಿ ಬಿದ್ರ ಹೊರಗ ಓಡ್ಲಿಕ್ಕ ಮೂರು ಬಾಗಲ ಅವ, ಎಲ್ಲಾರೂ ಒಮ್ಮಿ ಹೊರಳಿ ನೋಡ್ರಿ" ಎಂದರು. ಮದುಮಗನ ಸಮೇತ ಮಂಟಪವೇ ಹೊರಳಿ ನೋಡಿತು. ಮೂರರಲ್ಲಿ ಜನ ನೆನಪಿಟ್ಟುಕೊಂಡದ್ದು ಊಟದ ಕಡೆಯ ಬಾಗಿಲು ಮಾತ್ರ. ಬೆಂಕಿ ಬೀಳದೆಯೂ ಎಲ್ಲರೂ ಅದರಿಂದಲೇ ಓಡಿದರು!

ಹದಿನೈದನೆಯ ಸಲ ನನ್ನ ಪ್ರಾಣ ಉಳಿಯಬೇಕಾಗಿದ್ದದ್ದು ಬೀದರಿನ ಧಾನ್ಯದ ಮಾರುಕಟ್ಟೆ ಗಾಂಧಿ ಗಂಜಿನಲ್ಲಿ. ಬೆಳಿಗ್ಗೆ ವ್ಯಾಪಾರ ಶುರುವಾಗುವ ಮೊದಲು ಹಮಾಲರಿಗೆ ಪಾಠ. ನಾನು ಚೀಟಿ ಕಟ್ಟಿಕೊಂಡು, ಗೋಣಿಚೀಲದ ಮೇಲೆ ಪ್ರಜ್ಞೆಯಿಲ್ಲದೆ ಮಲಗಿ, ಪಕ್ಕದ ಲಾರಿ ಹಿಂದಕ್ಕೆ ಬಂದರೇನು ಗತಿ ಎಂದು ಚಿಂತಿಸುತ್ತಿದ್ದೆ. ಅಡತಿ ಅಂಗಡಿಯವರೊಬ್ಬರು ಕೇಳಿದರು:

"ಟೀಚರ್, ಈ ಉಸಾಬರಿಯಿಂದ ನಿಮಗ ಫಾಯ್ದಾ ಏನದರಿ?"

"ಮೊದಲ ನಮ್ಮ ಗಲ್ಲ್ಯಾಗ ಬಾಜೂ ಮನಿಯವರ ಹೆಸರು ಗೊತ್ತಿರಲಿಲ್ಲರಿ. ಈಗ ಯಾರ ಮನ್ಯಾಗ ಹಗ್ಗ ಅದ, ಯಾರ ಮನಿ ಅಜ್ಜಿಗಿ ನಡೀಲಿಕ್ಕ ಆಗಂಗಿಲ್ಲ, ಎಲ್ಲಾ ಗೊತ್ತದ. ಇನ್ನೇನ್ ಬೇಕು?"

ಯಾರ ಮನೆಯ ಚಹಾ ಕಡಕ್ ಎಂಬುದೂ ಗೊತ್ತಾಗಿತ್ತು, ಅದನ್ನು ಹೇಳಲಿಲ್ಲ.

ಅನಂತರ ಅತ್ತೆ ಅಂಗಡಿಯ ಎತ್ತರದ ಕಟ್ಟೆ ಹತ್ತಿ, ತೊಗರಿ ಚೀಲಗಳ ಅಟ್ಟಿ ವಾಲಿದರೆ ಹೇಗೆ ಹಿಂದೆ ಸರಿಯಬೇಕೆಂದು ತೋರಿಸತೊಡಗಿದರು. "ನೋಡ್ರಿ, ಒಂದು... ಎರಡು... ಮೂರು..." ಮೂರಕ್ಕೆ ಕಟ್ಟೆ ಮುಗಿದಿತ್ತು.

ಬಿದ್ದರು. ಗಂಜಿಗೆ ಗಂಜೇ ಚಪ್ಪಾಳೆ ತಟ್ಟಿತು!

"ವಾಹ್ ಟೀಚರ್! ಖರೇನೇ ಬಿದ್ದಂಗ ಅದ!"

ನಾನು ಎದ್ದು ಕುಳಿತೆ. ಅದಕ್ಕೂ ನಗು: "ಪ್ರಜ್ಞಿ ಇಲ್ಲದವ ಎದ್ದ ನೋಡ್ರೋ!" ಆದರೆ ಅತ್ತೆ ನಗಲಿಲ್ಲ. ನಿಯಮ ಮುರಿದು ಎದ್ದವನ ಮಾರ್ಕ್ಸ್ ಕತ್ತರಿಸಲಿಲ್ಲ. ಒಂದು ಕ್ಷಣ, ನಾನು ಅಂದುಕೊಂಡಂತೆಯೇ, ಕಂಬವಾದೆ.

ಅಷ್ಟರಲ್ಲಿ ಒಬ್ಬ ಹಮಾಲ ನಗುತ್ತಲೇ ಅವರನ್ನು ಎತ್ತಲು ಬಗ್ಗಿದ.

"ಎತ್ತಬ್ಯಾಡ್ರಿ!"

ಆ ದನಿ ಅತ್ತೆಯದಲ್ಲ, ನನ್ನದು! ಹೇಗೆ ಓಡಿದೆನೋ ಕಾಣೆ. ಅತ್ತೆಯ ಕೊರಳಿನ ಸೀಟಿಯನ್ನೇ ಹಿಡಿದು ಊದಿದೆ. ಚಪ್ಪಾಳೆ ನಿಂತಿತು. "ಇದು ಆಕ್ಟಿಂಗ್ ಅಲ್ರಿ! ನೀವು ಆಂಬುಲೆನ್ಸಿಗೆ ಫೋನ್ ಹಚ್ಚರಿ. ನೀವು ಆ ಲಾರಿ ತಡೀರಿ. ನೀರ ಕುಡಸಬ್ಯಾಡ್ರಿ, ಖಾಲಿ ಚೀಲ ಕೊಡ್ರಿ!" ಸೊಟ್ಟಗಾಗಿದ್ದ ಕಾಲನ್ನು ಎಳೆಯದೆ, ಇದ್ದ ಹಾಗೇ ಎರಡೂ ಬದಿಗೆ ಚೀಲ ಮಡಚಿ ಒತ್ತಿಟ್ಟೆ. ಅತ್ತೆ ಅಷ್ಟು ಸಲ ನನ್ನ ಕಾಲಿಗೆ ಮಾಡಿದ್ದನ್ನೇ ಮಾಡಿದೆ, ಯೋಚಿಸಲಿಲ್ಲ.

ಇನ್ನು ಮಾಡಲು ಏನೂ ಉಳಿಯದಾದಾಗ ಅತ್ತೆಯ ಮುಖ ನೋಡಿದೆ. ಆ ಕಣ್ಣುಗಳಲ್ಲಿ, ನಾನು ಕಂಡಂತೆ ಮೊದಲ ಸಲ, ಅಂಜಿಕೆ ಇತ್ತು. ಹೆಲ್ಮೆಟ್ಟಿನ ಅಂಚಿನಿಂದ ಒಂದು ಬಿಳಿ ಜಡೆಯ ಎಳೆ ಬಿಚ್ಚಿಕೊಂಡು ಮಣ್ಣಿಗೆ ತಾಗಿತ್ತು.

ಮೊಣಕಾಲೂರಿ, ಅವರ ಕಣ್ಣಿಗೆ ಕಾಣುವಷ್ಟು ಹತ್ತಿರ ಮುಖ ತಂದೆ.

"ನಮಸ್ಕಾರ್ರಿ," ಎಂದೆ. "ನಾ ನಿಮ್ಮ ಅಣ್ಣನ ಮಗ. ನಿಮ್ಮ ಸಹಾಯಕ್ಕ ಬಂದೀನಿ. ನಿಮ್ಮನ್ನ ಬಿಟ್ಟು ಹೋಗಂಗಿಲ್ಲ."

ಅತ್ತೆ ನನ್ನ ಕೊರಳಲ್ಲಿ ಇನ್ನೂ ಜೋತಾಡುತ್ತಿದ್ದ 'ಪ್ರಜ್ಞೆ ಇಲ್ಲ' ಚೀಟಿಯನ್ನು ಮೆಲ್ಲಗೆ ತೆಗೆದುಹಾಕಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಆಂಬುಲೆನ್ಸ್ ಬರುವತನಕ ಬಿಡಲಿಲ್ಲ.