ಮೂರು ಕೊರಳು, ಒಂದು ತಾಳಿ

ಕೊಲೆ ಮಾಡಿದವನಿಗೂ ಒಂದು ದಿನ ಜಾಮೀನು ಸಿಗಬಹುದು. ಆದರೆ ಇನ್ನೊಬ್ಬರು ಓದುತ್ತಿರುವ ಕಾದಂಬರಿಯ ಕೊನೆಯನ್ನು ಮೊದಲೇ ಬಾಯಿಬಿಟ್ಟು ಹೇಳಿದವನಿಗೆ ಮಾನವಿಯ ಕೊಟ್ರೇಶಪ್ಪನವರ ಕೋರ್ಟಿನಲ್ಲಿ ಕ್ಷಮೆಯೇ ಇಲ್ಲ. ಒಮ್ಮೆ ಊಟಕ್ಕೆ ಕೂತಿದ್ದ ಅವರ ಭಾವಮೈದುನ, "ಮಾವಾರ, ಈ ಪುಸ್ತಕದಾಗ ಕೊನಿಗೆ ಏನಾಗ್ತದಂದ್ರ..." ಎಂದು ಶುರು ಮಾಡಿದ. ಕೊಟ್ರೇಶಪ್ಪನವರು ಇಡೀ ಹೋಳಿಗೆಯೊಂದನ್ನು ಮಡಿಚಿ ಅವನ ಬಾಯಿಗೆ ತುರುಕಿಬಿಟ್ಟರು. ಪಾಪ, ಅವನು ಅದನ್ನು ಮಾವನ ಪ್ರೀತಿ ಅಂದುಕೊಂಡ.

ಕೊಟ್ರೇಶಪ್ಪನವರದು ಅಕ್ಕಿ ಮಿಲ್ಲು. ಚಟ ಒಂದೇ, ನಗಿಸುವ ವಿಜ್ಞಾನ ಕಾದಂಬರಿಗಳು. (ವಿಜ್ಞಾನ ಎಂದ ಕೂಡಲೇ ಗಾಬರಿಯಾಗಬೇಡಿ. ಶಾಲೆಯಲ್ಲಿ ವಿಜ್ಞಾನಕ್ಕೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.) ಅವರಿಗೆ ಬೇಕಾದದ್ದು ಅರ್ಧ ಆಕಾಶದಲ್ಲಿ ಡೀಸೆಲ್ ತೀರಿ ನಿಂತ ರಾಕೆಟ್ಟು, 'ರೀ' ಹಚ್ಚಿ ಮಾತಾಡಿಸದಿದ್ದರೆ ಮುನಿಸಿಕೊಳ್ಳುವ ಕಂಪ್ಯೂಟರು, ಮಂಗಳ ಗ್ರಹದಲ್ಲೂ "ನಾಳೆ ಬಾ" ಅನ್ನುವ ಗುಮಾಸ್ತ. ಮಿಲ್ಲಿಗೆ ಬೆಲ್ಟು ತರುತ್ತೇನೆಂದು ರಾಯಚೂರಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಇಂಥದ್ದೊಂದು ಬಗಲಲ್ಲಿ ಬರುತ್ತಿತ್ತು. ಮಿಲ್ಲಿನ ಗದ್ದಲದಲ್ಲಿ, ತೌಡಿನ ಧೂಳಿನಲ್ಲಿ ಕೂತು ಓದುತ್ತ ಹೊಟ್ಟೆ ಹಿಡಿದು ನಗುತ್ತಿದ್ದರು. ಸಾಹುಕಾರರು ನಗುತ್ತಿದ್ದಾರೆಂದರೆ ಅಕ್ಕಿ ರೇಟು ಏರಿತೆಂದು ಹಮಾಲರು ತಿಳಿಯುತ್ತಿದ್ದರು.

ಪುಸ್ತಕಕ್ಕೆ ಹೊದಿಕೆ ಹಾಕಲು ಅವರು ಹಳೇ ಕ್ಯಾಲೆಂಡರ್ ಬಳಸುತ್ತಿದ್ದರು. ಕ್ಯಾಲೆಂಡರ್ ಮೇಲೆ ಶಿವ ಪಾರ್ವತಿ. ಹೀಗಾಗಿ, ಮಾತಾಡಿಸಿದರೂ ತಲೆ ಎತ್ತದೆ ಶಿವನ ಚಿತ್ರದ ಹಿಂದೆ ಮುಖ ಮುಚ್ಚಿಕೊಂಡು ಕೂತ ಕೊಟ್ರೇಶಪ್ಪನವರು ದೊಡ್ಡ ಪುರಾಣ ಪಂಡಿತರೆಂದು ಓಣಿಗೆ ಓಣಿಯೇ ನಂಬಿತ್ತು. ಅವರೂ ಇಲ್ಲವೆನ್ನಲಿಲ್ಲ. ಪುಕ್ಕಟೆ ಸಿಗುವ ಮರ್ಯಾದೆಯನ್ನು ಯಾರಾದರೂ ಬೇಡ ಅಂತಾರೆಯೆ?

ಆವತ್ತು ಶ್ರಾವಣದ ಕೊನೆಯ ಸೋಮವಾರ. ಓಣಿಯ ಮಠದಲ್ಲಿ ತಿಂಗಳಿಡೀ ನಡೆದ ಪುರಾಣಕ್ಕೆ ಮಂಗಲ. ಗೋಧಿ ಹುಗ್ಗಿಯ ಪಾಳಿ ಕೊಟ್ರೇಶಪ್ಪನವರ ಮನೆಯದು. ಆದರೆ ಯಜಮಾನರು ಈ ಲೋಕದಲ್ಲೇ ಇರಲಿಲ್ಲ. ಕೈಯಲ್ಲಿದ್ದ ಕಾದಂಬರಿ ಕೊನೆಯ ಹಾಳೆಗಳಿಗೆ ಬಂದಿತ್ತು. ರಾಕೆಟ್ ಮಿಸ್ತ್ರಿ ಮುಕುಂದ ಮೂರು ತಲೆಯ ಜನರ ಗ್ರಹಕ್ಕೆ ಬಿದ್ದಿದ್ದಾನೆ. ಅಲ್ಲಿನ ರಾಜಕುಮಾರಿಗೂ ಮೂರು ತಲೆ, ಮೂರು ಕೊರಳು. ಎಡಗಡೆಯ ತಲೆ ಸಿಟ್ಟಿನದು, ಬಲಗಡೆಯದು ಅಳುಬುರುಕಿ, ನಡುವಿನದು ವಕೀಲಿಕೆ ಓದಿದ್ದು. ಮೂರಕ್ಕೂ ಮುಕುಂದನ ಮೇಲೆ ಮನಸ್ಸು. ಮದುವೆ ಮಂಟಪ, ಕೈಯಲ್ಲಿ ಒಂದೇ ತಾಳಿ. ತಪ್ಪು ಕೊರಳಿಗೆ ಕಟ್ಟಿದರೆ ರಾಜ್ಯದಲ್ಲಿ ದಂಗೆ. ಮುಕುಂದ ತಾಳಿ ಎತ್ತಿದ, ಮೂರೂ ಮುಖ ನೋಡಿದ...

"ಏಳ್ರಿ!" ಹೆಂಡತಿ ವೀರಭದ್ರಮ್ಮ ಬಾಗಿಲಲ್ಲಿ ನಿಂತಿದ್ದರು. "ಪುರಾಣ ಹೇಳೋ ಶಾಸ್ತ್ರಿಗಳ ಗಂಟಲಾ ಕಟ್ಟೇದ. ಅವರು ಕಷಾಯ ಕುಡಿದು ಸುಧಾರಿಸ್ಕೊಳ್ಳೋತನಕ ನೀವೊಂದು ಉಪಕಥಿ ಹೇಳ್ಬೇಕು. ನಮ್ಮ ಮನಿಯವ್ರು ಹೇಳ್ತಾರಂತ ಮಾತು ಕೊಟ್ಟು ಬಂದೀನಿ."

"ನಾನಾ? ಏ, ನಿನಗೇನು ತಲಿ ಕೆಟ್ಟದೇನು? ನನಗೆಲ್ಲಿ ಬರ್ತದ ಪುರಾಣ?"

"ಹಗಲೂ ರಾತ್ರಿ ಶಿವನ ಪುಸ್ತಕ ಹಿಡಿದು ಕುಂದ್ರುತೀರಲ್ಲ, ಬರಾಕ ಏನ್ ಧಾಡಿ?" ಎಂದು ವೀರಭದ್ರಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. (ನಗು ಒರೆಸಿಕೊಂಡರೋ ಬೆವರೋ, ಕೊಟ್ರೇಶಪ್ಪನವರು ಗಮನಿಸಲಿಲ್ಲ.)

"ಹತ್ತ ನಿಮಿಷ ಕೊಡು ಮಾರಾಯ್ತಿ. ಇದೊಂದು ಮುಗಿಸಿ ಬರ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ!"

"ಕಾಲಿಗೆ ಆಮ್ಯಾಲ ಬೀಳೀರಂತ. ಈಗ ಅಂಗಿ ಹಾಕ್ಕೊಳ್ರಿ."

ವಾದಕ್ಕೆ ನಿಂತರೆ ಮಿಲ್ಲಿನ ಮೋಟರಾದರೂ ಸುಸ್ತಾಗಿ ನಿಲ್ಲುತ್ತದೆ, ವೀರಭದ್ರಮ್ಮ ನಿಲ್ಲುವುದಿಲ್ಲ. ಕೊಟ್ರೇಶಪ್ಪನವರು ಪುಟದ ನಡುವೆ ಕಸಬರಿಗೆ ಕಡ್ಡಿಯೊಂದನ್ನು ಇಟ್ಟು, ಮುಕುಂದನನ್ನು ತಾಳಿ ಸಮೇತ ಅಲ್ಲೇ ನಿಲ್ಲಿಸಿ, ಅಂಗಿ ತೊಟ್ಟರು.

ಮಠದ ಅಂಗಳ ತುಂಬಿತ್ತು. ಗದ್ದುಗೆಯ ಪಕ್ಕದಲ್ಲಿ ಮಫ್ಲರ್ ಸುತ್ತಿದ ಶಾಸ್ತ್ರಿಗಳು, ಈಚೆಗೆ ಹಾರ್ಮೋನಿಯಂ ಹುಲಿಗೆಪ್ಪ, ಮೈಕು, ಬೇವಿನ ಮರದ ಮೇಲೆ ಹಾರ್ನು. ಕೊಟ್ರೇಶಪ್ಪನವರು ಮೈಕಿನ ಮುಂದೆ ಕೂತರು. ತಲೆಯೊಳಗೆ ಒಂದೇ ಒಂದು ದೇವರ ಹೆಸರೂ ಬರಲೊಲ್ಲದು. ಇದ್ದದ್ದು ಒಬ್ಬನೇ, ತಾಳಿ ಹಿಡಿದ ಮುಕುಂದ. ಅವರು ಕಣ್ಣು ಮುಚ್ಚಿ, "ಒಂದಾನೊಂದು ಲೋಕದೊಳಗ..." ಎಂದುಬಿಟ್ಟರು.

ಶುರುವಾದದ್ದೇ ತಡ, ನಾಲಿಗೆಗೆ ರೆಕ್ಕೆ ಬಂತು. ರಾಕೆಟ್ಟು ಗಾಳಿರಥವಾಯಿತು, ಗ್ರಹ ಲೋಕವಾಯಿತು, ಮಿಸ್ತ್ರಿ ಮಾತ್ರ ಮಿಸ್ತ್ರಿಯಾಗಿಯೇ ಉಳಿದ. ಗಾಳಿರಥ ಕೆಟ್ಟು ನಿಂತಾಗ ಹುಲಿಗೆಪ್ಪ ಹಾರ್ಮೋನಿಯಂ ತಿದಿ ಒತ್ತಿ 'ಭರ್‍ರ್' ಅನ್ನಿಸಿದ. ಮುಂದಿನ ಸಾಲಿನ ಅಮರಮ್ಮ (ಪುರಾಣ ಶುರುವಾದರೆ ಮಂಗಳಾರತಿಗೇ ಏಳುವ ಮುದುಕಿ) ಕಣ್ಣು ಬಿಟ್ಟು ಎದ್ದು ಕೂತಳು. ಮೂರು ತಲೆಯ ರಾಜಕುಮಾರಿ ಬಂದಾಗಂತೂ ಹೆಣ್ಣುಮಕ್ಕಳು ಮೊಣಕಾಲ ಮೇಲೆ ನಿಂತರು.

"ಯಪ್ಪಾ, ಬಂಗಾರ ಮೂರು ಪಾಲು ಹಾಕಿರಬೇಕಲ್ಲ ಆಕೀಗೆ?"

"ಮೂರೂ ಒಮ್ಮೆಲೆ ಜಗಳಕ್ಕ ನಿಂತ್ರ ಅತ್ತಿ ಗತಿ ಏನ್ರಿ?"

"ಅತ್ತಿಗೂ ಮೂರು ತಲಿ ಇರ್ತಾವಳೇ, ಸುಮ್ನ ಕೇಳು!"

ಕೊಟ್ರೇಶಪ್ಪನವರಿಗೆ ಆನಂದವೋ ಆನಂದ. ಅವರೊಬ್ಬರೇ ಮೂಲೆಯಲ್ಲಿ ಕೂತು ನಕ್ಕಿದ್ದಕ್ಕೆ ಈಗ ಇಡೀ ಓಣಿ ನಗುತ್ತಿತ್ತು! ಅಯ್ಯೋ, ಇಷ್ಟು ದಿನ ಈ ಭಾಗ್ಯವನ್ನು ಕ್ಯಾಲೆಂಡರ್ ಹಿಂದೆ ಬಚ್ಚಿಟ್ಟಿದ್ದೆನಲ್ಲ ಅಂದುಕೊಂಡರು. ಉತ್ಸಾಹ ಏರಿ ಏರಿ, ಮುಂದೆ ಹಳ್ಳ ಇದೆ ಅನ್ನುವುದನ್ನೇ ಮರೆತರು.

ನಮ್ಮ ಕಡೆ ಪುರಾಣ ಬರೀ ಕಿವಿಯಿಂದ ಕೇಳುವುದಲ್ಲ. ಕಥೆಯಲ್ಲಿ ಕೂಸು ಹುಟ್ಟಿದರೆ ಮಠದಲ್ಲಿ ತೊಟ್ಟಿಲು ಕಟ್ಟಿ ತೂಗುತ್ತಾರೆ, ಮದುವೆಯಾದರೆ ಎಲ್ಲರೂ ಎದ್ದು ಅಕ್ಕಿಕಾಳು ಹಾಕುತ್ತಾರೆ. "ಮದುವೆ ಮಂಟಪ" ಎಂಬ ಮಾತು ಕೊಟ್ರೇಶಪ್ಪನವರ ಬಾಯಿಂದ ಬಿದ್ದದ್ದೇ, ಅರಿಸಿನ ಹಚ್ಚಿದ ಅಕ್ಕಿಯ ತಟ್ಟೆ ಸಾಲಿನಿಂದ ಸಾಲಿಗೆ ಓಡಿತು. ಅಂಗಳಕ್ಕೆ ಅಂಗಳವೇ ಮುಷ್ಟಿ ಬಿಗಿದು ಎದ್ದು ನಿಂತಿತು.

"ಮುಕುಂದ ತಾಳಿ ಎತ್ತಿದ. ಮೂರೂ ಮುಖಾ ನೋಡಿದ..." ಎಂದು ಕೊಟ್ರೇಶಪ್ಪನವರು ನಿಂತರು. ಮುಂದಿನದು ಅವರಿಗೇ ಗೊತ್ತಿರಲಿಲ್ಲ.

"ಮುಂದ?" ಎಂದಳು ಅಮರಮ್ಮ.

"ಮುಂದ... ಶಿವನ ಇಚ್ಛಾ. ಮಂಗಳಾರತಿ ಮಾಡ್ರಿ."

"ಹೆಂಗ ಮಾಡ್ತಾರ? ಕೈಯಾಗ ಅಕ್ಕಿಕಾಳು ಹಿಡದೀವಿ! ಹಿಡದ ಅಕ್ಕಿಕಾಳು ತಿರುಗಿ ತಟ್ಟಿಗೆ ಹಾಕಿದ್ರ ಓಣ್ಯಾಗ ಒಂದು ಹುಡುಗೀಗೂ ಲಗ್ನ ಕೂಡಿ ಬರಂಗಿಲ್ಲ!"

ಕನ್ಯೆಯರನ್ನು ಮನೆಯಲ್ಲಿಟ್ಟುಕೊಂಡ ತಾಯಂದಿರೆಲ್ಲ ಹೋ ಎಂದರು. ಕಷಾಯದ ಲೋಟ ಹಿಡಿದಿದ್ದ ಶಾಸ್ತ್ರಿಗಳೂ ಕಟ್ಟಿದ ಗಂಟಲಲ್ಲೇ, "ಯಾವ ಕೊಳ್ಳಿಗೆ ಕಟ್ಟಿದಾ?" ಎಂದು ಪಿಸುಗುಟ್ಟಿದರು.

"ನಡುವಿನದಕ್ಕ," ಎಂದು ಕೊಟ್ರೇಶಪ್ಪನವರು ಬಾಯಿಗೆ ಬಂದದ್ದು ಹೇಳಿದರು.

"ಅಳೋ ಕೂಸು ಬಲಕ್ಕದ, ಅದರ ಗತಿ?" ಎಂದು ಬಲಗಡೆಯವರು ಕೂಗಿದರು. "ಸಿಟ್ಟಿನಾಕೀನ್ನ ಬಿಟ್ರ ಸುಮ್ನ ಬಿಡ್ತಾಳೇನ್ರಿ?" ಎಂದು ಎಡಗಡೆಯವರು ತಿರುಗಿ ಕೂಗಿದರು. ಕಾದಂಬರಿಯ ರಾಜ್ಯದಲ್ಲಿ ಆಗಬೇಕಿದ್ದ ದಂಗೆ ಮಾನವಿಯ ಮಠದಲ್ಲೇ ಆಗುವ ಲಕ್ಷಣ ಕಂಡಿತು. ಕೊಟ್ರೇಶಪ್ಪನವರು ಬೆವತು, "ಒಂದ್ ನಿಮಿಷ ತಡೀರಿ, ಮನಿಗೆ ಹೋಗಿ ಓದಿ ಬರ್ತೀನಿ!" ಎಂದುಬಿಟ್ಟರು.

ಆಗ ಹೆಂಗಸರ ಸಾಲಿನಿಂದ ಒಂದು ದನಿ ಎದ್ದಿತು.

"ಅವರು ಹೋಗಿ ಬರೋತನಕ ಹುಗ್ಗಿ ಆರ್ತದ. ಮುಂದಿಂದು ನಾ ಹೇಳ್ತೀನಿ." ವೀರಭದ್ರಮ್ಮ ಸೆರಗು ಸಿಕ್ಕಿಸಿಕೊಂಡು ಮೈಕಿನ ಕಡೆ ಬರುತ್ತಿದ್ದರು.

ಕೊಟ್ರೇಶಪ್ಪನವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಜೀವವೇ ಹಾರಿತು.

"ನೀ... ನೀ ಓದೀಯೇನು?"

"ಮೊನ್ನೇನ ಮುಗಿಸೀನ್ರಿ. ನೀವು ಮಿಲ್ಲಿಗೆ ಹೋದ ಮ್ಯಾಲ ನಾ ಏನ್ ಗ್ವಾಡಿ ನೋಡ್ಕೋಂತ ಕುಂದ್ರಲಾ? ಸರೀರಿ ಆಕಡೆ."

"ಬ್ಯಾಡಾ! ಹೇಳಬ್ಯಾಡಾ! ನನ್ನಾಣೆ ಅದ!" ಕೊಟ್ರೇಶಪ್ಪನವರು ಎರಡೂ ಕಿವಿ ಮುಚ್ಚಿ, ಚಪ್ಪಲಿ ಬಿಟ್ಟು, ಬಾಗಿಲ ಕಡೆ ಓಡಿದರು. ಆದರೆ ಬೇವಿನ ಮರದ ಹಾರ್ನು ಬಾಗಿಲ ಕಡೆಗೇ ಮುಖ ಮಾಡಿತ್ತು. ಅದರ ಮುಂದೆ ಅಂಗೈ ಎಷ್ಟು ತಡೆದೀತು?

"ಆವಾಗ ವಕೀಲಿ ಓದಿದ ತಲಿ ಏನಂತು ಗೊತ್ತೇನ್ರವ್ವಾ?" ಎಂದು ಹಾರ್ನು ಗುಡುಗಿತು. "ಕೊಳ್ಳು ಮೂರು ಇದ್ದಾಗ ತಾಳಿ ಒಂದು ಸಾಲಂಗಿಲ್ಲ, ಆದ್ರ ಇವಂದು ಕೊಳ್ಳು ಒಂದೇ ಅದಲ್ಲ ಅಂತು. ಮೂರೂ ಕೂಡಿ ಅವನ ಕೈಯಾಗಿನ ತಾಳಿ ಕಸಗೊಂಡು, ಅವನ ಕೊಳ್ಳಿಗೇ ಕಟ್ಟಿಬಿಟ್ವು!"

ಮಠ ಹಾರಿಹೋಗುವಂತೆ ನಗು ಎದ್ದಿತು. ಅಕ್ಕಿಕಾಳಿನ ಮಳೆಯಾಯಿತು. ಬಾಗಿಲಲ್ಲಿ ಕಿವಿ ಮುಚ್ಚಿ ನಿಂತ ಗಂಡಸೊಬ್ಬನೇ ಮದುಮಗನ ಹಾಗೆ ಕಂಡದ್ದರಿಂದ, ಅದರಲ್ಲಿ ಬಹುಪಾಲು ಕೊಟ್ರೇಶಪ್ಪನವರ ತಲೆಯ ಮೇಲೇ ಬಿತ್ತು. ಎಂಥ ಕೊನೆ! ಎಂಥ ಚೆಂದದ ಕೊನೆ! ಒಬ್ಬರೇ ಕೂತು, ಹಾಳೆ ತಿರುವಿ, ಹೊಟ್ಟೆ ಹಿಡಿದು ಉರುಳಾಡಬೇಕಾಗಿದ್ದ ಆ ಕೊನೆ ಬೇವಿನ ಮರದಿಂದ ಇಡೀ ಊರಿಗೆ ಬಟಾಬಯಲಾಗಿತ್ತು. ಅವರಿಗೆ ಅಳು ಬಂತು. ಅದರ ನಡುವೆ ನಗುವೂ ಬಂತು, ಅದಕ್ಕೆ ಇನ್ನೂ ಸಿಟ್ಟು ಬಂತು.

ಶಾಸ್ತ್ರಿಗಳು ವೀರಭದ್ರಮ್ಮನವರಿಗೆ ಶಾಲು ಹೊದಿಸಿದರು. ಬರುವ ಶ್ರಾವಣದ ಉಪಕಥೆಗಳೆಲ್ಲ ಈ ತಾಯಿಯದೇ ಎಂದು ಹುಲಿಗೆಪ್ಪ ಮೈಕಿನಲ್ಲಿ ಸಾರಿದ. ಪಂಡಿತ ಕೊಟ್ರೇಶಪ್ಪನವರ ಕೈಗೆ ಹುಗ್ಗಿಯ ಸೌಟು ಬಂತು.

ಮನೆಗೆ ಬಂದವರೇ ಅವರು ಪಡಸಾಲೆಯ ಮೂಲೆಗೆ ಹೋಗಿ, ಭತ್ತದ ಚೀಲದೊಳಗೆ ಕೈ ಹಾಕಿ, ಮೊನ್ನೆ ರಾಯಚೂರಿನಿಂದ ತಂದಿದ್ದ, ಇನ್ನೂ ಹೊದಿಕೆ ಹಾಕದ ಹೊಸ ಕಾದಂಬರಿ ತೆಗೆದರು. ಇದಾದರೂ ನನ್ನದು ಅನ್ನುತ್ತ ಅದನ್ನು ಎದೆಗೆ ಅವಚಿಕೊಂಡು ಕೂತರು.

ಗಂಡನ ಸಪ್ಪೆ ಮುಖ ನೋಡಿ ವೀರಭದ್ರಮ್ಮನವರ ಕರುಳು ಚುರ್ ಎಂದಿತು. ಹತ್ತಿರ ಬಂದು, ತಲೆಗೂದಲಲ್ಲಿ ಸಿಕ್ಕಿದ್ದ ಅಕ್ಕಿಕಾಳು ಒಂದೊಂದೇ ಆರಿಸುತ್ತ, ಬಲು ಪ್ರೀತಿಯಿಂದ ಹೇಳಿದರು.

"ಹಿಂಗ ಮಾರಿ ಸಣ್ಣದು ಮಾಡಬ್ಯಾಡ್ರಿ. ಇದು ಅದಕ್ಕಿಂತ ಚಲೋ ಅದ. ಓದ್ತಾ ಓದ್ತಾ ನಡುವ ರೋಬೋಟು ಸತ್ತಂಗ ಕಾಣ್ತದ, ಗಾಬರಿ ಆಗಬ್ಯಾಡ್ರಿ. ಸಾಯಂಗಿಲ್ಲ. ಕೊನಿಗೆ ಅದಕ್ಕ ತಹಶೀಲ್ದಾರ್ ನೌಕರಿ ಸಿಗ್ತದ."