ಕಾದಂಬರಿಕಾರರ ಮೇಜುಬಟ್ಟೆ

"ಈ ಮೂರು ದಿನ ನಾನು ಲಾಂಡ್ರಿಯವನೇ ಅಲ್ಲ. ಯಾರ ಬಟ್ಟೆ ಮೇಲೆ ಏನು ಚೆಲ್ಲಿದ್ರೂ ಕಣ್ಣೆತ್ತಿ ನೋಡಲ್ಲ" ಎಂದು ಹೆಂಡತಿಗೆ ಭಾಷೆ ಕೊಟ್ಟೇ ಲಾಂಡ್ರಿ ಯಜಮಾನರು ರಜೆಗೆ ಹೊರಟಿದ್ದರು. ಉಳಿದುಕೊಂಡದ್ದು ಹೆಸರಾಂತ ಕಾದಂಬರಿಕಾರರೊಬ್ಬರು ಬಾಳಿ ಬದುಕಿದ್ದ ಹಳ್ಳಿಯ ಹಳೇ ಬಂಗಲೆಯಲ್ಲಿ. ಮಹಡಿಯ ಕೋಣೆ ಅತಿಥಿಗಳಿಗೆ. ಕೆಳಗೆ ಕಾದಂಬರಿಕಾರರು ಬರೆಯುತ್ತಿದ್ದ ಕೋಣೆ. ಅದನ್ನು ನೋಡಲು ದಿನಾ ಹತ್ತು ಗಂಟೆಗೆ ಜನ ಬರುತ್ತಿದ್ದರು.

ಹುಟ್ಟುಗುಣ ಸುಟ್ಟರೂ ಹೋಗದು. ಎರಡನೆಯ ದಿನ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಯಜಮಾನರು ಕೆಳಗಿಳಿದರು. ಬರೆಯುವ ಮೇಜಿನ ಬಿಳಿ ಬಟ್ಟೆಯ ಮೇಲೆ ಅಂಗೈಯಗಲ ಮಸಿ ಕಲೆ! ಪಳಗಿದ ಕೈ ಸುಮ್ಮನಿದ್ದೀತೇ? ಹೆಂಡತಿಗೆ ಕಾಣದಂತೆ ತಂದಿದ್ದ ಚೀಲದಿಂದ ಕಲೆ ತೆಗೆಯುವ ಸೀಸೆಗಳು ಹೊರಬಂದವು. ಒರೆಸಿ, ಉಜ್ಜಿ, ಒಣಗಿಸಿ, ಬಟ್ಟೆಯನ್ನು ಹಾಲಿನಂತೆ ಮಾಡಿದರು. ಮುಂದೆಂದೂ ಕಲೆ ಹಿಡಿಯದಿರಲೆಂದು ಒಂದು ದ್ರಾವಣವನ್ನೂ ಧಾರಾಳವಾಗಿ ಬಳಿದು, ಬೀಗುತ್ತಾ ತಿರುಗಿದಾಗ ಗೋಡೆಯ ಫಲಕ ಕಣ್ಣಿಗೆ ಬಿತ್ತು: "ಕೊನೆಯ ಕಾದಂಬರಿಯ ಕೊನೆಯ ಸಾಲು ಬರೆದ ಸಂತೋಷದಲ್ಲಿ ಅವರ ಕೈತಾಗಿ ಚೆಲ್ಲಿದ ಮಸಿ. ದಯವಿಟ್ಟು ಮುಟ್ಟಬೇಡಿ."

ಯಜಮಾನರು ಸೀಸೆಗಳನ್ನೆಲ್ಲ ಗಡಿಬಿಡಿಯಿಂದ ಚೀಲಕ್ಕೆ ತುರುಕಿದರು. ಸಿಕ್ಕಿಬಿದ್ದರೆ ಮೂವತ್ತು ವರ್ಷ ದುಡಿದು ಗಳಿಸಿದ ಹೆಸರು ಒಂದೇ ಬೆಳಗಿಗೆ ಮಣ್ಣುಪಾಲು.

ಗಂಡನನ್ನು ಹುಡುಕಿಕೊಂಡು ಬಂದ ಹೆಂಡತಿ ಬಟ್ಟೆ ನೋಡಿದಳು, ಫಲಕ ನೋಡಿದಳು, ಗಂಡನ ಮುಖ ನೋಡಿದಳು.

"ಹೋಗಿ ಹೇಳ್ಬಿಡ್ರಿ."

"ಹೇಳೋದಾ? ಮೇಜಿನ ಮೇಲಿರೋ ಆ ಮಸಿ ಕುಡಿಕೆ ಕೊಡು ಇಲ್ಲಿ. ಕಲೆ ತೆಗೆಯೋಕೆ ಬರೋನಿಗೆ ಹಾಕೋಕೆ ಬರಲ್ವಾ?"

ಬರಲಿಲ್ಲ. ಬಳಿದ ದ್ರಾವಣ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಸಿ ಹನಿಹನಿಯಾಗಿ ಉರುಳಿ, ಮೇಜಿನ ಅಂಚು ದಾಟಿ, ಅವರ ಹೊಸ ಅಂಗಿಗೆ ಇಳಿಯಿತು. ಮತ್ತೆ ಸುರಿದರು, ಮತ್ತೆ ಉರುಳಿತು. ಯಜಮಾನರು ತಮ್ಮ ಕೈಗುಣವನ್ನು ಜೀವನದಲ್ಲಿ ಮೊದಲ ಸಲ ಶಪಿಸಿದರು. ಅಷ್ಟರಲ್ಲಿ ಹೊರಗೆ ಬೀಗದ ಕೈ ಗೊಂಚಲಿನ ಸದ್ದಾಯಿತು.

ಬಂಗಲೆ ನೋಡಿಕೊಳ್ಳುವ ಹಿರಿಯಾಕೆ ಒಳಬಂದರು. ಹಿಂದೆ ಹತ್ತು ಹನ್ನೆರಡು ಜನ. ಮೇಜು ಕಂಡದ್ದೇ ಆಕೆ ಕುರ್ಚಿಯಲ್ಲಿ ಕುಸಿದು ಕೂತರು.

"ಇಲ್ಲಿದ್ದ ಕಲೆ ಎಲ್ಲಿ?"

ಎದೆಯಿಂದ ಹೊಟ್ಟೆಯವರೆಗೆ ಮಸಿ ಮೆತ್ತಿಕೊಂಡು ನಿಂತಿದ್ದ ಯಜಮಾನರಿಗೆ ಅಡಗಲು ಜಾಗವಿರಲಿಲ್ಲ. "ತಪ್ಪಾಯ್ತಮ್ಮ, ನಾನೇ ತೆಗೆದೆ. ಲಾಂಡ್ರಿ ಇಟ್ಕೊಂಡಿದೀನಿ. ಏನ್ ಮಾಡ್ಲಿ, ಕಲೆ ಕಂಡ್ರೆ ನನ್ನ ಕೈ ಸುಮ್ನಿರಲ್ಲ."

ಜನರೆಲ್ಲ ಅಯ್ಯೋ ಪಾಪ ಎನ್ನುವಂತೆ ನೋಡಿದರು. ಹೆಂಡತಿಗೆ ಮಾತ್ರ ತಡೆಯಲಾಗಲಿಲ್ಲ.

"ಅದನ್ನ ನಂಬಬೇಡಿ ಅಮ್ಮ. ನಮ್ಮನೆ ಅಡುಗೆಕೋಣೆ ಪರದೆ ಮೇಲೆ ಎಣ್ಣೆ ಕಲೆ ಬಿದ್ದು ಆರು ವರ್ಷ ಆಯ್ತು. ದಿನಾ ಅದರ ಎದುರಿಗೇ ಕೂತು ಊಟ ಮಾಡ್ತಾರೆ!"